ಐದು ಉಂಡೆ ಅಂಟು

ಬಚ್ಚಲುಮನೆಗೆ ಟೈಲು, ಗಾಜು ಕೂರಿಸುವ ಅಂಟು ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲಿ ಎನ್ನುತ್ತಾರೆ. ತಪ್ಪು, ಅದು ಮೂಗಿನ ಒಳಗೇ ಇದೆ. ಹಾರ್ಡ್‌ವೇರ್ ಅಂಗಡಿಗೆ ಹೋದರೆ ಸಂದು ಮುಚ್ಚುವ ಸಿಲಿಕೋನ್ ಅಂಟಿನ ಟ್ಯೂಬಿನ ಮೂತಿ ಕತ್ತರಿಸಿ ಮೂಸುತ್ತಾನೆ. ಹುಳಿ ವಾಸನೆ ಬಂತೋ, ಅಂಗಡಿಯವನ ಜನ್ಮ ಜಾಲಾಡುತ್ತಾನೆ. ಆ ಹುಳಿ ಅಮೃತಶಿಲೆಯ ಮೇಲೆ ಕಲೆ ಮಾಡುತ್ತದೆ, ಕನ್ನಡಿಯ ಬೆನ್ನು ತಿನ್ನುತ್ತದೆ ಎಂದು ಇಪ್ಪತ್ತೆಂಟು ವರ್ಷದಿಂದ ಬಡಕೊಳ್ಳುತ್ತಿದ್ದಾನೆ, ಕೇಳುವವರಿಲ್ಲ. ಒಮ್ಮೆ ಗುತ್ತಿಗೆದಾರನೊಬ್ಬ ಷವರ್ ಬಾಗಿಲಿಗೆ ಕಿಟಕಿಯ ಮಾಮೂಲಿ ಗಾಜು ತಂದಿದ್ದ. ಒಡೆದರೆ ಇದು ಚೂರಿಯಾಗುತ್ತೆ, ಮೊದಲು ನಿನ್ನ ಮಗಳನ್ನ ಇದರ ಪಕ್ಕ ಸ್ನಾನಕ್ಕೆ ನಿಲ್ಲಿಸು ಎಂದು ಮುಖಕ್ಕೆ ಹೊಡೆದಂತೆ ಹೇಳಿ, ಕೆಲಸ ಬಿಟ್ಟು ಬಂದ. ಇನ್ನು ಹಲ್ಲಿನ ಕರಣೆಯಲ್ಲಿ ಗೋಡೆಗೆ ಪೂರ್ತಿ ಅಂಟು ಬಳಿಯದೆ, ಟೈಲಿನ ಬೆನ್ನಿಗೆ ಐದು ಉಂಡೆ ಇಟ್ಟು ಒತ್ತಿಬಿಡುವ ಮೈಗಳ್ಳರನ್ನು ಕಂಡರಂತೂ ಅವನಿಗೆ ಪಿತ್ತ ನೆತ್ತಿಗೇರುತ್ತದೆ. ಅವರನ್ನು ಕೊಲೆಗಡುಕರು ಎಂದೇ ಕರೆಯುತ್ತಾನೆ.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮಗನ ಮನೆಗೆ ಮರಳಿದರು. ಯಾರ್ಯಾರದೋ ಕೈ ಮೈಮೇಲೆ ಆಡಿ ಆಡಿ ಅವರಿಗೆ ರೋಸಿಹೋಗಿತ್ತು. ನನ್ನ ಸ್ನಾನ ನಾನೇ ಮಾಡಬೇಕು, ಬಾಗಿಲು ಹಾಕ್ಕೊಂಡು ಒಬ್ಬಳೇ ಮಾಡಬೇಕು ಎಂದು ಬಂದ ದಿನವೇ ಹೇಳಿದರು. ಅವರಿಗೆ ಬೇಕಿದ್ದದ್ದು ಅದೊಂದೇ. ಷವರ್ ಪಕ್ಕ ಹಿಡಿದು ನಿಲ್ಲಲು ಗಟ್ಟಿಯಾದ ಹಿಡಿಕೆ ಹಾಕಿಸಿದರೆ ಆಗಬಹುದು ಎಂದು ಡಾಕ್ಟರೂ ಒಪ್ಪಿದ್ದರು.

ಮೇಸ್ತ್ರಿ ಹೆಂಡತಿಯ ಜೊತೆ ಅತ್ತೆಯನ್ನು ನೋಡಲು ಹೋದವನು ನೆಟ್ಟಗೆ ಬಚ್ಚಲಿಗೇ ನುಗ್ಗಿದ. ಭಾವಮೈದ ಹಿಡಿಕೆ ಹಾಕಿದ್ದ, ಆದರೆ ಬರೀ ಅಂಟಿನಲ್ಲಿ. ಗೋಡೆ ಕೊರೆದು ಬೋಲ್ಟ್ ಕೂರಿಸಿರಲಿಲ್ಲ. ಅಷ್ಟು ಚೆಂದದ ಟೈಲಿಗೆ ತೂತು ಯಾಕೆ ಎಂಬುದು ಅವನ ವಾದ. ಮೇಸ್ತ್ರಿಯ ಮೈ ಉರಿದುಹೋಯಿತು. ನಿಮ್ಮಮ್ಮನ ಸೊಂಟಕ್ಕಿಂತ ಟೈಲು ಹೆಚ್ಚಾಯ್ತಾ, ನಿನಗೆ ಓದು ಕಲಿಸಿದವರು ಬುದ್ಧಿ ಕಲಿಸಲಿಲ್ವಾ ಎಂದು ಸೂರು ಹಾರಿಹೋಗುವ ಹಾಗೆ ಕೂಗಾಡಿದ. ಹೆಂಡತಿ ಕಣ್ಣಲ್ಲೇ ಗದರಿಸಿದರೂ ಅವನು ಬಾಯಿ ಮುಚ್ಚಲಿಲ್ಲ. ಗಲಾಟೆಗೆ ಅತ್ತೆಯೂ ವಾಕರ್ ಹಿಡಿದು ಬಾಗಿಲಿಗೆ ಬಂದು ನಿಂತರು.

"ನೋಡಿ ಅತ್ತೆ, ನಿಮ್ಮ ಮಗನ ಅಂಟಿನ ಯೋಗ್ಯತೆ ತೋರಿಸ್ತೀನಿ," ಎಂದು ಅವನು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರ ಪೂರ್ತಿ ಬಿಟ್ಟು ಜಗ್ಗಿದ.

ಮರುಕ್ಷಣ ನೆಲದ ಮೇಲೆ ಕುಕ್ಕರಿಸಿದ್ದ. ಹಿಡಿಕೆ ಅವನ ಕೈಯಲ್ಲೇ ಇತ್ತು. ಅದು ಟೈಲಿನಿಂದ ಬಿಟ್ಟಿರಲಿಲ್ಲ, ಅಂಟು ಭದ್ರವಾಗಿ ಕಚ್ಚಿಕೊಂಡಿತ್ತು. ಟೈಲೇ ಗೋಡೆ ಬಿಟ್ಟು ಬಂದಿತ್ತು. ಅದರ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಒಟ್ಟು ಐದು ಉಂಡೆ.

ಭಾವಮೈದ ಬೇಕೆಂದೇ ಮೆಲ್ಲಗೆ ಕೇಳಿದ. "ಭಾವ, ಈ ಟೈಲ್ ಹಾಕಿದ್ದು ಯಾರು?"

ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಮೇಸ್ತ್ರಿಯೇ ಹಾಕಿದ್ದ. ದೊಡ್ಡ ಹೋಟೆಲಿನ ಕೆಲಸ ಕಾಯುತ್ತಿತ್ತು, ಇಲ್ಲಿನ ಗೋಡೆ ಸೊಟ್ಟಗಿತ್ತು, ಅದನ್ನು ಸರಿಮಾಡಲು ಎರಡು ದಿನ ಬೇಕಿತ್ತು. ಉಂಡೆ ಇಟ್ಟು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಕೈತೊಳೆದುಕೊಂಡ. ಮನೆಯವರೇ ತಾನೆ, ಯಾರು ಕೇಳುತ್ತಾರೆ? ಆಮೇಲೆ ಅದನ್ನು ಮರೆತೂಬಿಟ್ಟ. ಮರೆತು ಊರೆಲ್ಲ ಕೊಲೆಗಡುಕರನ್ನು ಬೈದುಕೊಂಡು ತಿರುಗಿದ. ಇಂಥವನ ಮೇಲೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅವನಿಗೇ ಬಂದಿತ್ತು. ಎದ್ದು ಉಳಿದ ಟೈಲುಗಳನ್ನು ಬೆರಳ ಗೆಣ್ಣಿನಿಂದ ಒಂದೊಂದಾಗಿ ಬಡಿದ. ಎಲ್ಲವೂ ಟೊಳ್ಳು. ಉಳಿ ತಗೊಂಡು ಬಾ ಎಂದು ಭಾವಮೈದನಿಗೆ ಹೇಳಿದ.

ಅತ್ತೆ ಇನ್ನೂ ಬಾಗಿಲಲ್ಲೇ ಇದ್ದರು.

"ಬೇರೆಯವರ ಮನೇಲೂ ಹೀಗೇ ಮಾಡ್ತೀರಾ?"

"ಇಲ್ಲ ಅತ್ತೆ."

"ನಮ್ಮ ಮನೆ ಅಂತ ಮಾಡಿದ್ರಾ?"

ಅವನು ತಲೆ ತಗ್ಗಿಸಿ ಹೌದು ಎಂದ.

"ಹಾಗಾದ್ರೆ ಇನ್ನು ಮೇಲೆ ನನ್ನ ಹೊರಗಿನವಳು ಅಂದ್ಕೊಳ್ಳಿ," ಎಂದು ಅತ್ತೆ ವಾಕರ್ ತಿರುಗಿಸಿದರು.

ಟೈಲೆಲ್ಲ ಕಿತ್ತು, ಗೋಡೆ ನೇರ ಮಾಡಿ, ಹೊಸ ಟೈಲಿಗೆ ಅಂಟು ಪೂರ್ತಿ ಬಳಿದು, ಕೊರೆದು ಬೋಲ್ಟ್ ಹಾಕುವುದಕ್ಕೆ ಎಂಟು ದಿನ ಹಿಡಿಯಿತು. ಅಷ್ಟೂ ದಿನ ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ತಾಯಿಯ ಸೀರೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದಳು.