ಬಾಚಣಿಗೆಯಲ್ಲಿದ್ದ ಕೂದಲು

ಆ ವರ್ಷ ಚಳಿಗಾಲ ಪೂರ್ತಿ, ಪ್ರತಿ ಶನಿವಾರ, ನಾನು ಸಿಯಾಟಲ್‌ನ ಒಂದು ಸಣ್ಣ ಗ್ಯಾಲರಿಯಲ್ಲಿ ಸ್ವಯಂಸೇವಕಿಯಾಗಿ ನಿಂತು ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದೆ. ಅದು ಕಪ್ಪು ಕಲಾವಿದರ ಪ್ರದರ್ಶನ. ನಾವಿದ್ದ ಉಪನಗರ ಬಾಥೆಲ್‌ನ ನಮ್ಮ ಜನಕ್ಕೆ ಇದು ತಲೆಗೇ ಹೋಗುತ್ತಿರಲಿಲ್ಲ. ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತರೆ ಸಾಕು, 'ಆ ಏರಿಯಾ ಸೇಫಾ? ಅಲ್ಲೇನ್ ಇದೆ ನೋಡೋಕೆ?' ಎಂದು ಶುರು ಮಾಡುತ್ತಿದ್ದರು. ಕೇಳುವವರಲ್ಲಿ ಅರ್ಧ ಜನ ಬಣ್ಣದಲ್ಲಿ ನನ್ನ ಹಾಗೆಯೇ ಕಪ್ಪಗಿದ್ದರು. ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿ ಹೋಗಿತ್ತು.

ಪ್ರದರ್ಶನದಲ್ಲಿ ನನ್ನ ಪಾಲಿಗೆ ಬಂದದ್ದು ಹಿಂದಿನ ಕೋಣೆ. ಐವತ್ತರ ಆಸುಪಾಸಿನ ಒಬ್ಬ ಕಲಾವಿದೆ, ತೀರಿಹೋದ ತಮ್ಮ ತಾಯಿಯ ಮಲಗುವ ಕೋಣೆಯನ್ನು ಅಲ್ಲಿ ಇದ್ದದ್ದು ಇದ್ದ ಹಾಗೆ ಜೋಡಿಸಿದ್ದರು. ತಾಯಿ ಬಾಳಿದ ಮನೆ ಗ್ಯಾಲರಿಯಿಂದ ನಾಲ್ಕು ಬೀದಿ ಆಚೆ ಇತ್ತಂತೆ. ಅದನ್ನು ಕೆಡವಿ ಆ ಜಾಗದಲ್ಲಿ ಒತ್ತೊತ್ತಾಗಿ ಹೊಸ ಮನೆಗಳನ್ನು ಎಬ್ಬಿಸಿದ್ದರು. ಬೀದಿಯ ಹಳೆಯ ಜನರೆಲ್ಲ ಅಲ್ಲಿ ಇಲ್ಲಿ ಚದುರಿ ಹೋಗಿದ್ದರು, ಶನಿವಾರ ಆ ಕೋಣೆಗೆ ಬಂದು ಕೂತು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಕಲಾವಿದೆ ಗೋಡೆಗೆ ಒಂದು ಚೀಟಿ ಅಂಟಿಸುವುದಕ್ಕೂ ಬಿಟ್ಟಿರಲಿಲ್ಲ, ಅಡ್ಡಹಗ್ಗ ಕಟ್ಟಲೂ ಬಿಟ್ಟಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಕತೆಯನ್ನೂ ಗೋಡೆ ಮೇಲೆ ಬರೆದಿರಲಿಲ್ಲ, ಬಾಯಲ್ಲಿ ಹೇಳುತ್ತಿದ್ದೆವು, ನೀವೂ ಹಾಗೇ ಹೇಳಿ, ಒಳಗೆ ಬಂದ ಪ್ರತಿಯೊಬ್ಬರಿಗೂ ಹೇಳಿ, ಒಬ್ಬರನ್ನೂ ಬಿಡಬೇಡಿ ಎಂದು ನಮಗೆಲ್ಲ ತಾಕೀತು ಮಾಡಿದ್ದರು.

ಹೇಳುವುದಿದ್ದದ್ದು ಮುಖ್ಯವಾಗಿ ಕನ್ನಡಿ ಮೇಜಿನ ಬಗ್ಗೆ. ಅದರ ಮೇಲೆ ತಲೆಗೆ ಹಚ್ಚುವ ಎಣ್ಣೆಯ ಡಬ್ಬಿ, ಚರ್ಚಿಗೆ ಹಾಕಿಕೊಂಡು ಹೋಗುವ ನೀಲಿ ಟೋಪಿ, ಒಂದು ಅಗಲ ಹಲ್ಲಿನ ಬಾಚಣಿಗೆ. ಬಾಚಣಿಗೆಯ ಹಲ್ಲುಗಳ ನಡುವೆ ಬಿಳಿ ಗುಂಗುರು ಕೂದಲಿನ ಸಣ್ಣದೊಂದು ಸಿಕ್ಕು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಬೆಳಿಗ್ಗೆ ಮಗಳೇ ತಲೆ ಬಾಚಿದ್ದರು. ತಾಯಿ ವಾಪಸು ಬರಲಿಲ್ಲ. ಮಗಳ ಹತ್ತಿರ ತಾಯಿಯ ಮೈಯದೆಂದು ಉಳಿದದ್ದು ಆ ಕೂದಲಷ್ಟೇ.

ನಮ್ಮ ಅತ್ತೆ ಮೈಸೂರಿನಿಂದ ಬಂದು ಆಗ ಎರಡು ತಿಂಗಳಾಗಿತ್ತು. ಆ ಶನಿವಾರ ನನ್ನ ಗಂಡನಿಗೆ ಆಫೀಸಿನ ಕೆಲಸ. 'ಅಮ್ಮನ್ನೂ ಕರ್ಕೊಂಡ್ ಹೋಗು, ಪಾಪ, ಬೋರಾಗತ್ತೆ' ಎಂದು ಹೇಳಿ ಲ್ಯಾಪ್‌ಟಾಪ್ ಮುಂದೆ ಕೂತುಬಿಟ್ಟ. ಪಾಪವಂತೆ! ಅತ್ತೆಯ ಕೈ ಒಂದು ನಿಮಿಷ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ದಿಂಬು ಕೊಡವಿ, ಟವೆಲ್ಲು ಮಡಿಸಿ, ನಲ್ಲಿಯ ಕಲೆ ತಿಕ್ಕಿ ಬರುವವರು. ಅದು ಸಾಲದು ಎಂದು ಬಾಯಿ ಬೇರೆ. ನನ್ನನ್ನು ನೋಡಲು ಬಂದ ದಿನ, ನಾನು ಕಾಫಿ ಲೋಟ ಹಿಡಿದು ನಿಂತಿರುವಾಗಲೇ, 'ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಸ್ವಲ್ಪ ಕಮ್ಮಿ' ಎಂದ ಬಾಯಿ ಅದು. ಹನ್ನೆರಡು ವರ್ಷವಾದರೂ ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಅಂಥವರನ್ನು ಆ ಕೋಣೆಗೆ ಕರೆದುಕೊಂಡು ಹೋಗುವುದೆಂದರೆ ನನಗೆ ದಿಗಿಲು. ಗೋಡೆಯ ಮೇಲಿದ್ದ ಆ ತಾಯಿಯ ಫೋಟೋ ನೋಡಿ ಏನೆನ್ನುತ್ತಾರೋ, ಯಾರ ಎದುರು ಮುಖ ಸಿಂಡರಿಸುತ್ತಾರೋ. ಕನ್ನಡ ಬಾರದಿದ್ದರೇನು, ಮುಖ ಓದಲು ಎಲ್ಲರಿಗೂ ಬರುತ್ತದೆ. ಅದಕ್ಕೇ ಒಳಗೆ ಹೋಗುವ ಮುಂಚೆ ಹೇಳಿದೆ.

'ಅತ್ತೆ, ಸುಮ್ನೆ ಆ ಕುರ್ಚಿ ಮೇಲೆ ಕೂತಿರಿ. ಜೋರಾಗಿ ಮಾತಾಡ್ಬೇಡಿ.'

'ಯಾರ್ದೇ ಇದು ರೂಮು?'

'ಆಮೇಲೆ ಹೇಳ್ತೀನಿ.'

ಅಷ್ಟರಲ್ಲಿ ಮುಕಿಲ್ಟಿಯೊ ಎಂಬ ಊರಿನಿಂದ ಬಂದ ಬಿಳಿಯ ಗಂಡ ಹೆಂಡತಿ ಕೋಣೆ ನೋಡಿಕೊಂಡು ಈಚೆ ಬಂದರು. ಅವರಿಗೆ ಕತೆ ಪೂರ್ತಿ ಹೇಳಿದೆ. ಗಂಡನಿಗೆ ಕಿವಿ ಸ್ವಲ್ಪ ಮಂದ, ಬಾಗಿಲಾಚೆಯೇ ನಿಂತು ಇನ್ನೊಂದು ಸಲ ಹೇಳಿದೆ. ಆಮೇಲೆ ಮಂಚ ಅದೇನಾ, ಪರದೆ ಅದೇನಾ ಎಂದು ಕಾಲು ಗಂಟೆ ಪ್ರಶ್ನೆ ಕೇಳಿದರು. ಅತ್ತೆ ಒಳಗೆ ಒಬ್ಬರೇ ಇದ್ದರು. ಸದ್ದಿಲ್ಲವಲ್ಲ ಸದ್ಯ ಎಂದು ನಾನು ನೆಮ್ಮದಿಯಾಗಿದ್ದೆ.

ಎರಡು ಗಂಟೆಗೆ ನನ್ನ ಪಾಳಿ ಮುಗಿಯಿತು. ಮನೆ ಕಡೆ ಹೊರಟೆವು. ಕೆನ್ಮೋರ್ ಸಿಗ್ನಲ್‌ನಲ್ಲಿ ಕಾರು ನಿಂತಾಗ ಅತ್ತೆ ಬಾಯಿಬಿಟ್ಟರು.

'ರೂಮೇನೋ ಚೆನ್ನಾಗಿಟ್ಟಿದಾರೆ ಕಣೇ. ಹಾಸ್ಗೆ ಎಷ್ಟು ನೀಟಾಗಿತ್ತು! ಆದ್ರೆ ಬಾಚಣಿಗೇಲಿ ಕೂದ್ಲು ಹಂಗೇ ಬಿಡೋದಾ? ಮನೆಗೆ ದರಿದ್ರ. ನಾನೇ ತೆಗ್ದೆ.'

'ತೆಗ್ದು?'

'ಇನ್ನೇನ್ ಮಾಡ್ತಾರೆ? ಬೆರಳಿಗೆ ಸುತ್ತಿ, ಮೂರು ಸಲ ಥೂ ಥೂ ಅಂದು, ಹಿಂದ್ಗಡೆ ಬಾಗ್ಲಿಂದ ಆಚೆ ಎಸ್ದೆ. ಕೈ ತೊಳ್ಕೊಂಡೆ ಬಿಡು, ಗಾಬರಿ ಬೀಳ್ಬೇಡ.'

ಹಿಂದಿನ ಕಾರಿನವನು ಹಾರ್ನ್ ಒತ್ತಿದ. ನಾನು ಕಾರು ತಿರುಗಿಸಿದೆ. ಅಲ್ಲಿಂದ ಗ್ಯಾಲರಿಯವರೆಗೆ ಬಾಯಿಗೆ ಬಂದಂತೆ ಅಂದೆ. ಅದು ಸತ್ತುಹೋದ ಹೆಂಗಸಿನ ಕೂದಲು ಎಂದೆ, ಮಗಳಿಗೆ ಅಮ್ಮ ಅಂತ ಉಳಿದಿದ್ದೇ ಅಷ್ಟು ಎಂದೆ, ಎಲ್ಲಿ ಹೋದರೂ ನಿಮಗೆ ಕೈಯಾಡಿಸದಿದ್ದರೆ ತಿಂದದ್ದು ಅರಗುವುದಿಲ್ಲವಾ ಎಂದೆ. ಬಣ್ಣದ ಮಾತನ್ನೂ ಎಳೆದು ತಂದೆ. ಅತ್ತೆ 'ಸತ್ತೋರ ಕೂದ್ಲಾ?' ಎಂದರು.

ಹಿಂಬಾಗಿಲ ಆಚೆ ಜಲ್ಲಿಕಲ್ಲು, ಕೊಳೆತ ಎಲೆ, ಜಿನುಗುವ ಮಳೆ. ಅತ್ತೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು ಮಂಡಿಯೂರಿ ಎಲೆ ಎಲೆ ಮಗುಚಿ ಹುಡುಕಿದರು. ನಾನೂ ಹುಡುಕಿದೆ. ಜೇಡರಬಲೆ ಸಿಕ್ಕಿತು, ಯಾವುದೋ ನಾಯಿಯ ಕೂದಲು ಸಿಕ್ಕಿತು, ದಾರದ ಎಳೆ ಸಿಕ್ಕಿತು. ಒಂದು ಗಂಟೆ ಹುಡುಕಿ ಕಲಾವಿದೆಗೆ ಫೋನ್ ಮಾಡಿದೆ.

ಅವರು ಬಂದವರೇ ನೇರ ಮೇಜಿನ ಹತ್ತಿರ ಹೋದರು. ಬಾಚಣಿಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಹಲ್ಲುಗಳ ಸಂದಿಯಲ್ಲಿ ಬೆರಳಾಡಿಸಿದರು. ಒಂದು ಎಳೆಯೂ ಉಳಿದಿರಲಿಲ್ಲ, ಅತ್ತೆ ಅಷ್ಟು ಚೊಕ್ಕವಾಗಿ ತೆಗೆದಿದ್ದರು. ಕಲಾವಿದೆ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ನಾನು ಇಂಗ್ಲಿಷಿನಲ್ಲಿ ಬಡಬಡಿಸಲು ಶುರು ಮಾಡಿದೆ. ಇವರಿಗೆ ವಯಸ್ಸಾಗಿದೆ, ಭಾಷೆ ಬರುವುದಿಲ್ಲ, ನಮ್ಮ ಕಡೆ ಬಾಚಣಿಗೆಯಲ್ಲಿ ಕೂದಲು ಬಿಡುವುದಿಲ್ಲ, ಎಷ್ಟು ಹೇಳಿದರೂ ಇವರ ಕೈ ಕೇಳುವುದಿಲ್ಲ. ಒಂದು ಮಾತನ್ನೂ ನನ್ನ ಮೇಲೆ ಹಾಕಿಕೊಳ್ಳಲಿಲ್ಲ. ಕಲಾವಿದೆ ಎಲ್ಲ ಕೇಳಿಸಿಕೊಂಡು ಅತ್ತೆಯ ಕಡೆ ತಿರುಗಿದರು.

'ಅದು ಯಾರ ಕೂದಲು ಅಂತ ಗೊತ್ತಿದ್ದೂ ತೆಗೆದರಾ? ಕೇಳಿ ಅವರನ್ನ.'

ಕನ್ನಡದಲ್ಲಿ ಕೇಳಿದೆ. ಅತ್ತೆಯ ಸೆರಗಿನ ತುದಿ ಕೆಸರಾಗಿತ್ತು. ಅವರು ಉತ್ತರ ಕೊಟ್ಟದ್ದು ಕಲಾವಿದೆಗೆ, ನೋಡುತ್ತಿದ್ದದ್ದು ನನ್ನನ್ನು.

'ನನ್ಗೆ ಯಾರೂ ಹೇಳ್ಲಿಲ್ಲಮ್ಮ. ಯಾರ ರೂಮು ಅಂತ ನಾನೇ ಬಾಯ್ಬಿಟ್ಟು ಕೇಳ್ದೆ. ಆಮೇಲೆ ಹೇಳ್ತೀನಿ ಅಂದ್ಲು. ಯಾರೋ ದಾರೀಲಿ ಹೋಗೋರ್ಗೆ ಎರಡೆರಡು ಸಲ ಹೇಳಿದ್ಲು. ನಿಮ್ಮಮ್ಮಂದು ಅಂತ ಗೊತ್ತಿದ್ರೆ ಕೈ ಮುಗ್ದು ಕೂತಿರ್ತಿದ್ದೆ.' ಆಮೇಲೆ ನನಗೆ, 'ಒಂದಕ್ಷರ ಬಿಡ್ದೆ ಹೇಳು' ಎಂದರು.

'ಅವರಿಗೆ ತುಂಬಾ ಬೇಜಾರಾಗಿದೆ, ಕ್ಷಮಿಸಬೇಕಂತೆ' ಎಂದೆ ನಾನು, ಇಂಗ್ಲಿಷಿನಲ್ಲಿ.

'ಅದಕ್ಕಿಂತ ಜಾಸ್ತಿ ಹೇಳಿದರು ಅವರು' ಎಂದರು ಕಲಾವಿದೆ.

ಎಲ್ಲವನ್ನೂ ಹೇಳಬೇಕಾಯಿತು. ಆಮೇಲೆ ಹೇಳ್ತೀನಿ ಅಂದದ್ದನ್ನೂ ಎರಡೆರಡು ಸಲ ಹೇಳಿದ್ದನ್ನೂ ನನ್ನ ಬಾಯಿಂದಲೇ ಹೇಳಿದೆ. ಕಲಾವಿದೆ ಬಾಚಣಿಗೆಯನ್ನು ಅದರ ಜಾಗದಲ್ಲಿ ಇಟ್ಟರು.

'ಪ್ರತಿಯೊಬ್ಬರಿಗೂ ಅಂದಿದ್ದೆ ನಾನು' ಎಂದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು, 'ಈಗ ಹೇಳಿ. ಅವರ ಭಾಷೆಯಲ್ಲಿ. ನಾನು ಇಲ್ಲೇ ಇರ್ತೀನಿ' ಎಂದರು.

ಅಷ್ಟು ವಾರ ನಿದ್ದೆಗಣ್ಣಲ್ಲೂ ಹೇಳುವಷ್ಟು ಬಾಯಿಪಾಠವಾಗಿದ್ದ ಕತೆ. ಕನ್ನಡದಲ್ಲಿ ತಡವರಿಸಿದೆ. ಬೀದಿ, ಮನೆ, ಟೋಪಿ, ಕೊನೆಗೆ ಬಾಚಣಿಗೆ. 'ಆ ದಿನ ಬೆಳಿಗ್ಗೆ ಇವ್ರೇ ಅಮ್ಮನಿಗೆ ತಲೆ ಬಾಚಿದ್ದು ಅತ್ತೆ' ಎಂದಾಗ ಅತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡರು.

'ಏನಂತೆ ಅವ್ರಮ್ಮನ ಹೆಸ್ರು?' ಅತ್ತೆ ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಷ್ಟು ಶನಿವಾರಗಳಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ.