ಕೋಚ್ ಮೇಷ್ಟ್ರು ಬಿಚ್ಚಿದ ಕಟ್ಟು

ಆಗೆಲ್ಲ ನಮ್ಮ ಚಿಂತಾಮಣಿಯಲ್ಲಿ ಅವರೆಕಾಯಿ ಸುಗ್ಗಿ ಬಂತೆಂದರೆ ಫುಟ್‌ಬಾಲ್ ಸುಗ್ಗಿಯೂ ಬಂದಂತೆಯೇ. ಬೀದಿ ತುಂಬ ಅವರೆ ಸೊಗಡು, ಸಂಜೆಯಾದರೆ ಕಾಲೇಜು ಮೈದಾನದ ಕೆಂಧೂಳು. ನಾವು ಹುಡುಗಿಯರು ಲಂಗದ ಮಡಿಲಲ್ಲಿ ಪುರಿ, ಹುರಿಗಡಲೆ ತುಂಬಿಕೊಂಡು ಬೇವಿನಮರದ ಕೆಳಗೆ ಕೂತು ಆಟ ನೋಡುತ್ತಿದ್ದೆವು.

ಆಟ ಕಲಿಸುತ್ತಿದ್ದವರು ವೆಂಕಟರಾಯಪ್ಪನವರು, ಊರಿಗೆಲ್ಲ ಕೋಚ್ ಮೇಷ್ಟ್ರು. ಬೂಟು ಕಂಡರಿಯದ ಹಳ್ಳಿ ಹುಡುಗರಿಂದಲೇ ಕಾಲೇಜು ತಂಡ ಕಟ್ಟಿ ಬೆಂಗಳೂರಿನವರೆಗೂ ಹೋಗಿ ಗೆದ್ದು ಬಂದವರು. ಆಟ ಮುಗಿದ ಮೇಲೆ, ಯಾವ ಕೇರಿಯವನೆಂದು ಕೇಳದೆ, ಎಲ್ಲರ ಬೊಗಸೆಗೂ ಬೇಯಿಸಿದ ಹುರುಳಿ ಹಾಕುತ್ತಿದ್ದರು. ನಮ್ಮಣ್ಣ ನಾಗರಾಜನೆಂದರೆ ಅವರಿಗೆ ಪ್ರಾಣ.

ಆ ವರ್ಷ ಫೈನಲ್ ಹತ್ತಿರ ಬಂದಾಗ ಅಣ್ಣನ ಮೊಣಕಾಲು ತಿರುಚಿಕೊಂಡಿತು. ನಾಟಿ ವೈದ್ಯದ ತಾತ ಮೊಟ್ಟೆಯ ಲೋಳೆ, ಸೊಪ್ಪು ಮೆತ್ತಿ, ಬಿದಿರು ದಬ್ಬೆ ಇಟ್ಟು ಕಟ್ಟು ಹಾಕಿದ. "ನಾನು ಬಿಚ್ಚೋತನಕ ಯಾರೂ ಮುಟ್ಟಬಾರ್ದು ಕಣಮ್ಮ" ಎಂದು ಅಮ್ಮನಿಗೆ ಹೇಳಿ ಹೋದ.

ಫೈನಲ್ ದಿನ ಅಮ್ಮ ಸಂತೆಗೆ ಹೋಗಿದ್ದಳು. ನಾನು ನಡುಮನೆಯಲ್ಲಿ ಅವರೆಕಾಳು ಹಿತುಕುತ್ತಿದ್ದೆ. ಮೇಷ್ಟ್ರು ಬಂದು ಅಣ್ಣನ ಪಕ್ಕ ಕೂತರು.

"ಅರ್ಧ ಗಂಟೆ ಆಡ್ತೀಯೇನಪ್ಪ?"

"ಕಟ್ಟೈತಲ್ಲ ಸಾರ್."

"ಕಟ್ಟು ಮತ್ತೆ ಹಾಕಿಸ್ಬೋದು. ಈ ಆಟ ಮತ್ತೆ ಬರಲ್ಲ ಕಣೋ."

ಅಣ್ಣ ಕಾಲು ಚಾಚಿದ. ಮೇಷ್ಟ್ರು ತಾವೇ ಕೈಯಾರೆ ಬಿಚ್ಚಿದರು.

ಅಣ್ಣ ಆಡಿದ, ನಮ್ಮವರು ಗೆದ್ದರು. ಕಪ್ಪನ್ನು ಬಜಾರಿನಲ್ಲಿ ಮೆರವಣಿಗೆ ಮಾಡಿದರು. ಅಣ್ಣನನ್ನು ಜಟಕಾದಲ್ಲಿ ಮನೆಗೆ ಕಳಿಸಿದರು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಹಾರ ಹಾಕಿದ್ದ ಜನವೇ "ಕಪ್ಪಿಗೋಸ್ಕರ ಹುಡುಗನ ಕಾಲು ತಿಂದ" ಎಂದು ಆಡಿಕೊಂಡರು. ಮೇಷ್ಟ್ರು ಆಟ ಕಲಿಸುವುದನ್ನೇ ಬಿಟ್ಟರು. ಆದರೆ ದಿನಾ ಸಂಜೆ ಬಂದು ಅಣ್ಣನ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು.

"ಕಪ್ ಕಾಲೇಜಿಗೆ, ಕುಂಟುಕಾಲು ನಮ್ಮನೇಗೆ. ಒಳ್ಳೇ ಪಾಲು ಮಾಡಿದ್ರಿ ಮೇಷ್ಟ್ರೇ" ಎಂದಳು ಒಮ್ಮೆ ಅಮ್ಮ.

ಅವರು ತಲೆ ಎತ್ತದೆ ತಿಕ್ಕುತ್ತಲೇ ಇದ್ದರು. ಮರುದಿನವೂ ಬಂದರು. ಅಮ್ಮ ಅವರಿಗೆ ಕಾಫಿ ಕೊಡಲಿಲ್ಲ. ಎಣ್ಣೆ ಮಾತ್ರ ಮೊದಲೇ ಬೆಚ್ಚಗೆ ಮಾಡಿ ಇಟ್ಟಿರುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಮೇಷ್ಟ್ರು ತೀರಿಕೊಂಡಾಗ ಬಂದವರು ಕೆಲವೇ ಮಂದಿ. ಅಣ್ಣ ಚಟ್ಟಕ್ಕೆ ಹೆಗಲು ಕೊಡಲು ಹೊರಟ. "ನೀನಾ?" ಎಂದರು ಯಾರೋ.

"ಬಿಚ್ಚಿದ್ದು ಅವರೇ. ಕಾಲು ಚಾಚಿದೋನು ನಾನಲ್ವಾ?" ಎಂದ ಅಣ್ಣ.

ಅವನ ಕುಂಟು ಹೆಜ್ಜೆಗೆ ಚಟ್ಟ ವಾಲಿತು. ಉಳಿದ ಮೂವರು ತಮ್ಮ ನಡಿಗೆಯನ್ನು ಅವನದಕ್ಕೆ ಹೊಂದಿಸಿಕೊಂಡರು.

ಈಗ ಊರಲ್ಲಿ ಫುಟ್‌ಬಾಲ್ ಆಡುವವರೇ ಅಪರೂಪ. ಅದು ಹೋಗಲಿ. ತನ್ನಿಂದ ತಪ್ಪಾದ ಮನೆಗೇ ದಿನಾ ನಡೆದು ಬರುವ ಧೈರ್ಯವನ್ನೂ, ಬಂದವರನ್ನು ಬೈಯುತ್ತಲೇ ಬಾಗಿಲು ತೆರೆದಿಡುವ ಮನೆಯನ್ನೂ ನಾನು ಆಮೇಲೆ ಕಾಣಲಿಲ್ಲ.