ಹೊಳೆಯಾಚೆಯ ತೋಟ ಮತ್ತು ಹೆಸರು ಕೊರೆದ ಡಬ್ಬಿ

ರಾಮದುರ್ಗದಲ್ಲಿ ಮಲಪ್ರಭೆಯ ಸೇತುವೆ ದಾಟಿದರೆ ಸಂಸ್ಥಾನದ ಕಾಲದ ಒಂದು ತೋಟ ಸಿಗುತ್ತದೆ. ತೋಟ ಎನ್ನುವುದು ಹಳೆಯ ರೂಢಿ ಅಷ್ಟೆ. ಈಗ ಅಲ್ಲಿ ಉಳಿದಿರುವುದು ಒಂದು ಕಲ್ಲಿನ ಕಮಾನು, ನೀರಿಲ್ಲದ ಕಾರಂಜಿ, ಹೊಳೆಗಿಳಿಯುವ ಸವೆದ ಪಾವಟಿಗೆ, ಮುದಿ ಹುಣಸೆ ಮರಗಳು ಮತ್ತು ಈಚೆಗೆ ಯಾರೋ ಹಾಕಿಸಿದ ಸಿಮೆಂಟಿನ ಬೆಂಚುಗಳು. ರಾಜರ ಕಾಲಕ್ಕೆ ಇಲ್ಲಿ ಗುಲಾಬಿ ಇತ್ತಂತೆ. ಈಗ ಜಾಲಿ ಇದೆ. ಬೆಂಚಿನ ಮೇಲೆ ಕುಳಿತರೆ ಹೊಳೆಯ ಆ ದಂಡೆಗೆ ಇಡೀ ಊರು ಸಾಲಾಗಿ ಕಾಣುತ್ತದೆ: ಅರಮನೆಯ ಗೋಡೆ, ಗುಡಿಯ ಶಿಖರ, ಮಸೀದಿಯ ಮಿನಾರು, ನೀರಿನ ಟಾಕಿ, ಇವೆಲ್ಲಕ್ಕಿಂತ ಎತ್ತರವಾಗಿ ಮೊಬೈಲ್ ಟವರುಗಳು, ಹಿಂದೆ ಗುಡ್ಡ. ಹೊಸದಾಗಿ ಮದುವೆಯಾದವರು ಬಂದು ಊರನ್ನು ಬೆನ್ನಿಗೆ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಫೋಟೋಕ್ಕೆ ಬಂದವಳಲ್ಲ. ಬೇರೆಲ್ಲಿ ಕೂರುವುದೋ ತಿಳಿಯದೆ ಬಂದವಳು.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಎನ್ನುತ್ತೇವೆ. ಅವಳು ಕಿತ್ತೂರು ಸೀಮೆಯವಳು, ನಾನು ಬೈಲಹೊಂಗಲ ಪೇಟೆಯವಳು. ಇಬ್ಬರೂ ಸವದತ್ತಿ ತಾಲೂಕಿನ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಕುಳಿತು, ಉಪ್ಪಿಗೂ ಜಗಳ, ಹುಳಿಗೂ ಜಗಳ ಆಡಿಕೊಂಡೇ ಮುದುಕಿಯರಾದೆವು. ಎದುರಿಗೆ ನಾನು ‘ರಿ’ ಹಚ್ಚಿ ಮಾತಾಡುತ್ತೇನೆ, ಮನಸ್ಸಿನಲ್ಲಿ ಏಕವಚನ. ಬರೆಯುವಾಗ ಮನಸ್ಸಿನದೇ ಇರಲಿ.

ವಾರಕ್ಕೆರಡು ಸಲ ಅವಳನ್ನು ರಾಮದುರ್ಗದ ದವಾಖಾನೆಗೆ ಕರೆತಂದು, ರಕ್ತ ತೊಳೆಯುವ ಮಷಿನ್ನಿಗೆ ಒಪ್ಪಿಸಿ, ಸಂಜೆ ಮತ್ತೆ ಬಸ್ಸು ಹತ್ತಿಸುವುದು ನನ್ನ ಕೆಲಸ. ಮನೆಯ ಗಂಡಸರಿಗೆ ದವಾಖಾನೆಯ ವಾಸನೆ ಆಗಿಬರುವುದಿಲ್ಲ. ಹಾಗೆಂದು ಅವರೇ ತೀರ್ಮಾನಿಸಿಕೊಂಡಿದ್ದಾರೆ. ನಾನು ಸಾಲಿಯಲ್ಲಿ ಕಲಿಸಿ ನಿವೃತ್ತಳಾದವಳು, ನಿವೃತ್ತಳಿಗೆ ಬೇರೆ ಕೆಲಸವೇನು ಎಂಬುದು ಅವರ ವಾದ. ಮಷಿನ್ನಿನ ಕೋಣೆಗೆ ಜೊತೆಯವರನ್ನು ಬಿಡುವುದಿಲ್ಲ. ಹೊರಗಿನ ಪಡಸಾಲೆಯಲ್ಲಿ ಫಿನಾಯಿಲ್ ವಾಸನೆ ಮತ್ತು ಕಾಯುವವರ ನಿಟ್ಟುಸಿರು. ಅದಕ್ಕೇ ಸೇತುವೆ ದಾಟಿ ಈ ಬೆಂಚಿಗೆ ಬರುವುದನ್ನು ರೂಢಿ ಮಾಡಿಕೊಂಡೆ.

“ನಾ ಅಲ್ಲಿ ಸೂಜಿ ಚುಚ್ಚಿಸಿಕೊಂಡ ಬಿದ್ದಿರತೇನಿ, ನೀ ರಾಣಿ ಹಂಗ ತ್ವಾಟದಾಗ ಗಾಳಿ ತಗೊಂತಿ,” ಎಂದು ಅಕ್ಕ ಬಸ್ಸಿನಲ್ಲಿ ಚುಚ್ಚುತ್ತಿದ್ದಳು. ಹೀಗೆ ಎರಡು ವರ್ಷವಾಗಿತ್ತು. ನನಗೆ ಮೊಣಕಾಲು ನೋವು, ಸೊಂಟ ನೋವು, ಅದಕ್ಕಿಂತ ಹೆಚ್ಚಾಗಿ ಸಾಕಾಗಿಹೋಗಿತ್ತು. ಬೆಂಚಿನ ಮೇಲೆ ಕುಳಿತಲ್ಲೇ ನಿದ್ದೆ ಹತ್ತಿ, ಎಚ್ಚರವಾದಾಗ ನಾನು ಯಾವ ಊರಲ್ಲಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ.

ಅದೊಂದು ಸಂತೆಯ ದಿನ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಇವತ್ತ ಬಂದೇನಿ. ಇನ್ನ ಒಲ್ಲೆ.”

“ಏನ ಒಲ್ಲೆ ಅಂತೀರಿ?”

“ಮಷಿನ್ನು. ಸಾಕಾಗೇತಿ ನನಗ. ನಿನಗೂ ಸಾಕಾಗೇತಿ, ನಿನ್ನ ಮಾರಿ ನೋಡಿದ್ರ ತಿಳಿತೈತಿ.”

ಮಷಿನ್ನು ಬಿಟ್ಟರೆ ಎಷ್ಟು ದಿನ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು, ಹೆಚ್ಚು ದಿನವಲ್ಲ. ಹಾಗೆಲ್ಲ ಮಾತಾಡಬಾರದು ಎಂದು ನಾನು ತಕ್ಷಣ ಹೇಳಬೇಕಿತ್ತು. ನನ್ನ ಅರ್ಧ ಮನಸ್ಸು ಹೆದರಿತ್ತು, ಉಳಿದರ್ಧ ನಾಳೆಯಿಂದ ಹೊತ್ತೇರುವ ತನಕ ಮಲಗಬಹುದು ಎಂದು ನೆನೆದು ಹಗುರಾಯಿತು. ಆ ಅರ್ಧಕ್ಕೆ ನಾನು ಬೈಯಲೂ ಇಲ್ಲ, ಅಷ್ಟು ದಣಿದಿದ್ದೆ.

ದವಾಖಾನೆಗೆ ಹೋದರೆ ಆ ಕಡೆಯ ಓಣಿಗೆಲ್ಲ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲವಂತೆ, ಎಲ್ಲರ ಪಾಳಿಯೂ ಹಿಂದೆ ಸರಿದಿತ್ತು. ನಮ್ಮ ಪಾಳಿ ಮಧ್ಯಾಹ್ನದ ಮೇಲೆ ಎಂದರು. ಅಕ್ಕ ಸೆರಗು ಕೊಡವಿಕೊಂಡು ಎದ್ದಳು.

“ನಡಿ, ಆ ನಿನ್ನ ತ್ವಾಟಾನರ ತೋರಸು. ಇನ್ನೊಮ್ಮೆ ಈ ಕಡೆ ಬರೂದಿಲ್ಲ, ನೋಡೇ ಹೋಗೂಣು.”

ಆಟೋ ಮಾಡಿಕೊಂಡು ಹೋದೆವು. ಕಮಾನಿನ ಕೆಳಗೆ ಅವಳು ಒಂದು ಗಳಿಗೆ ನಿಂತು ಏದುಸಿರು ಬಿಟ್ಟಳು. ಕಾರಂಜಿ ನೋಡಿ, “ಇದಕ್ಕೂ ನನ್ನಂಗ ನೀರ ಬ್ಯಾಡ ಅಂದಾರೇನು?” ಎಂದಳು. ಡಾಕ್ಟರರು ಅವಳಿಗೆ ದಿನಕ್ಕೆ ಒಂದು ಸಣ್ಣ ಬಾಟಲಿಯಷ್ಟೇ ನೀರು ಎಂದು ಕಟ್ಟು ಮಾಡಿದ್ದರು. ಮನೆಗೆ ಬಂದವರಿಗೆಲ್ಲ ಕೂರುವ ಮೊದಲೇ ತಂಬಿಗೆ ತುಂಬಿ ನೀರು, ಮೇಲೊಂದು ಚೂರು ಬೆಲ್ಲ ಕೊಟ್ಟ ಕೈ ಅದು. ಈಗ ಹೊಳೆಯ ದಂಡೆಗೆ ಕುಳಿತು ಬಾಟಲಿಯ ಮುಚ್ಚಳದಲ್ಲಿ ನೀರು ಸುರಿದುಕೊಂಡು ತುಟಿ ಒದ್ದೆ ಮಾಡಿಕೊಂಡಳು.

ನನ್ನ ಬೆಂಚಿನಲ್ಲಿ ಕೂರಿಸಿದೆ. ಊರಿನ ಸಾಲನ್ನು ಬಹಳ ಹೊತ್ತು ನೋಡಿದಳು. ಅರಮನೆ ಯಾವುದು, ಬಸ್‌ಸ್ಟ್ಯಾಂಡ್ ಯಾವ ಕಡೆ ಎಂದು ಕೇಳಿದಳು. ಆಮೇಲೆ ಅವಳ ಕಣ್ಣು ಕಪ್ಪು ನೀರಿನ ಟಾಕಿಗಳಿದ್ದ ಒಂದು ಬೋಳು ಮಾಳಿಗೆಯ ಮೇಲೆ ನಿಂತಿತು.

“ಅದು ನಮ್ಮ ದವಾಖಾನಿ ಹೌದಲ್ಲ?”

“ಹೌದ್ರಿ.”

“ನಾ ಒಳಗ ಮಲಗಿದಾಗ ನೀ ಇಲ್ಲಿ ಕುಂತು ಅದನ್ನ ನೋಡ್ತಿಯೇನು?”

“ಮತ್ತೇನ ನೋಡ್ಲಿ ನಾ?” ಎಂದೆ. ದನಿ ಸ್ವಲ್ಪ ಒರಟಾಗಿಯೇ ಬಂತು. ಅವಳು ಗಾಳಿ ತಗೊಂತಿ ಎಂಬ ಮಾತನ್ನು ಆಮೇಲೆ ಯಾವತ್ತೂ ಆಡಲಿಲ್ಲ.

ಹುಣಸೆಯ ಮರದ ಕೆಳಗೆ ಮೂವರು ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಹೊಳೆಸಾಲಿನ ಯಾವುದೋ ಹಳ್ಳಿಯವರು, ಸಂತೆಗೆ ಕಾಯಿಪಲ್ಲೆ ತಂದು ಮಾರಿ, ಬಿಸಿಲು ಇಳಿಯುವ ತನಕ ಇಲ್ಲಿ ಕೂರುವವರು. ನಮ್ಮ ಸೀಮೆಯಲ್ಲಿ ಹತ್ತಿರ ಇದ್ದವರನ್ನು ಕರೆಯದೆ ಯಾರೂ ತುತ್ತು ಮುರಿಯುವುದಿಲ್ಲ, ಕರೆದಾಗ ಸುಮ್ಮನೆ ಒಲ್ಲೆ ಎನ್ನುವ ಹಾಗೂ ಇಲ್ಲ. ಅವರಲ್ಲಿ ಹಿರಿಯಳಾದವಳು ಕೂಗಿದಳು.

“ಅಕ್ಕಾರ, ಬರ್ರಿ ಉಣ್ಣಾಕ. ಅಲ್ಲೇ ಯಾಕ ಕುಂತ್ರಿ?”

“ನಮ್ದ ಆಗೇತ್ರಿ, ನೀವ ಉಣ್ರಿ,” ಎಂದು ನಾನು ಅವಸರದಲ್ಲಿ ಹೇಳಿದೆ. ಅಕ್ಕ ಅಷ್ಟರಲ್ಲೇ ಎದ್ದು ಹೊರಟಿದ್ದಳು. ಇವರಿಗೆ ಅದು ಆಗದು, ಇದು ಕೂಡದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಿರುಗಿ ನನ್ನನ್ನು ನೋಡಿದಳು. ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಅಂಜುತ್ತಿದ್ದ ನೋಟ ಅದು.

ಅವಳು ಜೋಳದ ರೊಟ್ಟಿಯ ಒಂದು ಚೂರು ಮುರಿದು ತಿಂದಳು. ಅವರು ಮಜ್ಜಿಗೆ ಸುರಿದಾಗ ಲೋಟದ ಮೇಲೆ ಕೈ ಅಡ್ಡ ಹಿಡಿಯಲಿಲ್ಲ, ಅರ್ಧ ಕುಡಿದು, ನನ್ನ ಕಡೆ ನೋಡದೆ, ಲೋಟ ಕೆಳಗಿಟ್ಟಳು. ಮೂವರೂ ಅವಳನ್ನು ಮೊಮ್ಮಕ್ಕಳ ಬಗ್ಗೆ, ಹೊಲದ ಬಗ್ಗೆ, ಊರ ಬಗ್ಗೆ ಕೇಳಿದರು. ಬೇನೆಯ ಬಗ್ಗೆ ಯಾರೂ ಕೇಳಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಎರಡು ವರ್ಷದಲ್ಲಿ ಅವಳನ್ನು ಬರೀ ಹೆಂಗಸೆಂದು ನೋಡಿದವರು ಅವರೇ ಮೊದಲಿರಬೇಕು. ಶೇಂಗಾ ಹೋಳಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು, “ಎಳ್ಳ ಹಾಕೀರಿ, ಹೌದಲ್ರಿ? ರುಚಿ ಬ್ಯಾರೇನ ಬಂದೈತಿ,” ಎಂದಳು.

ಮುಗೀತು. ಹೊಗಳಿದ ಮೇಲೆ ಅವರು ಬಿಡುತ್ತಾರೆಯೇ. ಉಳಿದ ಹೋಳಿಗೆಯನ್ನು ಡಬ್ಬಿಯ ಸಮೇತ ಅವಳ ಮಡಿಲಿಗೆ ಇಟ್ಟರು. ಹಳೆಯ ಸ್ಟೀಲಿನ ಡಬ್ಬಿ, ಮೈಮೇಲೆ ಮದುವೆಯಲ್ಲಿ ಆಹೇರಿ ಕೊಟ್ಟವರ ಹೆಸರು ಕೊರೆದಿತ್ತು.

ನನಗೆ ಕಂಡದ್ದು ಇನ್ನೊಂದು ಹೊರೆ. ಹೋಳಿಗೆಯನ್ನು ನನ್ನ ಚೀಲದಲ್ಲಿದ್ದ ಹಾಳೆಗೆ ಸುತ್ತಿಕೊಂಡು, ಡಬ್ಬಿಯನ್ನು ಪಾವಟಿಗೆಯ ಬಳಿ ತೊಳೆದು, “ತಗೊರ್ರಿ ನಿಮ್ಮ ಡಬ್ಬಿ,” ಎಂದು ಚಾಚಿದೆ. ಅಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಒಂದು ಕೊಡ ನೀರು ಎತ್ತಲಾರದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

“ಬರೇ ಡಬ್ಬಿ ಕೊಡ್ತಿಯೇನ? ನಿಮ್ಮ ಬೈಲಹೊಂಗಲದಾಗ ಹಂಗ ಐತೇನು ರಿವಾಜು?”

ಅರವತ್ತರ ಗಡಿ ದಾಟಿದ ನನಗೆ ಪರವೂರಿನವರ ಎದುರು ತವರನ್ನು ತೆಗೆದು ಬೈದಳು. ನನಗೂ ರೇಗಿತು. ಆಮೇಲೆ ಅವಳು ಅವರತ್ತ ತಿರುಗಿ, “ಮುಂದಿನ ಸಂತಿಗೆ ಮಾದಲಿ ಮಾಡಿ ತುಂಬಿಕೊಂಡ ಬರ್ತೇನ್ರಿ. ಇಲ್ಲೇ ಇರ್ತೀರಲ್ಲ?” ಎಂದಳು.

ಮುಂದಿನ ಸಂತಿಗೆ. ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಎಲ್ಲಿ ತಿಳಿದುಬಿಡುತ್ತದೋ ಎಂದು ನಾನು ಉಸಿರೂ ಎತ್ತಲಿಲ್ಲ.

ಸಂಜೆ ಮಷಿನ್ನು ಮುಗಿಸಿ ಬಸ್ಸು ಹತ್ತಿದಾಗ, ಅಂಗಡಿಯ ಗೋದಿ ರವೆ ನಡೆಯುವುದಿಲ್ಲ, ಮನೆಯ ಗೋದಿಯೇ ಆಗಬೇಕು ಎಂದು ದಾರಿಯುದ್ದಕ್ಕೂ ವಾದಿಸಿದಳು. ಮಾದಲಿಯನ್ನು ಮಾಡಿದವಳು ನಾನು. ಅವಳು ಬಾಗಿಲ ಬಳಿ ಮಣೆಯ ಮೇಲೆ ಕುಳಿತು, ಬೆಲ್ಲ ಕಡಿಮೆಯಾಯಿತು, ಗಸಗಸೆ ಹುರಿಯಲಿಲ್ಲ ಎಂದು ತಪ್ಪು ಹುಡುಕಿದಳು. ಮಷಿನ್ನಿಗೆ ಒಯ್ಯುವುದು ಸಾಲದೆಂದು ಈಗ ಬೀಗರ ಮನೆಗೆ ಮಾಡಿದ ಹಾಗೆ ಅಡುಗೆಯೂ ನನ್ನ ಕೊರಳಿಗೆ ಬಿತ್ತು. ಅವರು ಮಾದಲಿ ತಿಂದು ಮರುವಾರ ಅದೇ ಡಬ್ಬಿಯಲ್ಲಿ ಗುರೆಳ್ಳು ಚಟ್ನಿ ತುಂಬಿ ತಂದರು. ನಾವು ಉಂಡಿ ಕೊಟ್ಟೆವು. ಅವರು ಹಪ್ಪಳ ಕೊಟ್ಟರು. ಹೀಗೆ ಆ ಡಬ್ಬಿ ಹೊಳೆಯ ದಂಡೆಯಲ್ಲಿ ತಿರುಗುತ್ತಲೇ ಇತ್ತು. ಅಕ್ಕ ಆಗಾಗ “ಒಲ್ಲೆ” ಎನ್ನುವುದನ್ನು ಬಿಟ್ಟಿರಲಿಲ್ಲ. ಆದರೆ ಡಬ್ಬಿ ನಮ್ಮ ಗೋಡೆಯ ಮಾಡಿನಲ್ಲಿ ಇದ್ದಾಗ ಹೇಳುತ್ತಿರಲಿಲ್ಲ. ಅವರ ಕಡೆ ಇದ್ದ ವಾರಗಳಲ್ಲಿ ಮಾತ್ರ ನನಗೆ ಅಂಜಿಕೆ.

ಕಡೆಕಡೆಗೆ ಅವಳಿಗೆ ಸೇತುವೆ ದಾಟಿ ಬರುವುದೂ ಆಗದಾಯಿತು. ಡಬ್ಬಿ ಕೊಟ್ಟು ತರುವುದು ನನ್ನೊಬ್ಬಳ ಪಾಲಿಗೆ ಬಂತು.

ಹೋದ ಸುಗ್ಗಿಯಲ್ಲಿ ಒಂದು ಸಂತೆಯ ದಿನ. ಡಬ್ಬಿ ಅವರ ಕಡೆ ಇತ್ತು. ಮಷಿನ್ನಿನ ಕೋಣೆಗೆ ಹೋಗುವ ಮೊದಲು ಅಕ್ಕ ಬಾಗಿಲಲ್ಲಿ ನಿಂತು, “ಅವರು ತಂದ್ರ ತರ್ಲಿ. ತರದಿದ್ರ ನಮ್ಮ ಕಡಿಂದ ಏನೂ ಬಾಕಿ ಇಲ್ಲ. ಚುಕ್ತಾ ಆತು. ನಾ ಇನ್ನ ಬರೂದಿಲ್ಲ,” ಎಂದಳು. ಈ ಸಲ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಹುಣಸೆಯ ಕೆಳಗೆ ಯಾರೂ ಇರಲಿಲ್ಲ. ಜೋಳದ ಕೊಯ್ಲಿಗೆ ಹೋಗಿರಬೇಕು. ಬಿಸಿಲು ಬೆಂಚು ಬಿಟ್ಟು ಕಾರಂಜಿಗೆ ಸರಿಯುವ ತನಕ ಕಾದೆ. ಎದುರಿಗೆ ಶಿಖರ, ಮಿನಾರು, ಟವರು, ಆ ಬೋಳು ಮಾಳಿಗೆ. ನನ್ನ ಸೊಂಟ ಒಂದೇ ಸಮನೆ ನೋಯುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಾರೂ ನನ್ನನ್ನು ದೂರುವುದಿಲ್ಲ. ಅವರು ಬರಲಿಲ್ಲರಿ, ಅಷ್ಟೇ ಮಾತು. ಅಲ್ಲಿಗೆ ಎಲ್ಲ ಮುಗಿಯುತ್ತದೆ, ನನ್ನ ಬಸ್ಸು, ನನ್ನ ಬೆಂಚು, ನನ್ನ ನಿದ್ದೆಗೇಡು. ಹಾಗೆಂದುಕೊಂಡೇ ಎದ್ದೆ.

ಎದ್ದವಳು ಬಜಾರಿನ ಭಾಂಡೆ ಅಂಗಡಿಗೆ ಹೋಗಿ ಅದೇ ಅಳತೆಯ ಡಬ್ಬಿ ಕೊಂಡೆ. ಬಸ್‌ಸ್ಟ್ಯಾಂಡ್ ಬಳಿಯ ರೊಟ್ಟಿ ಅಂಗಡಿಯಲ್ಲಿ ಶೇಂಗಾ ಹೋಳಿಗೆ ತೆಗೆದುಕೊಂಡು ತುಂಬಿದೆ.

ಮಷಿನ್ನಿನಿಂದ ಬಂದ ಅಕ್ಕ ಗೋಡೆ ಹಿಡಿದು ಪಡಸಾಲೆಯ ಬೆಂಚಿಗೆ ಕುಳಿತಳು. ನಾನು ಡಬ್ಬಿಯನ್ನು ಅವಳ ಮಡಿಲಿಗೆ ಇಟ್ಟೆ. ಅವಳು ಅದನ್ನು ನಿಧಾನ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು.

“ಹೆಸರ ಇಲ್ಲಲ್ಲ ಇದರ ಮ್ಯಾಲೆ?”

“ಅದು ನೆಗ್ಗೇತಂತ್ರಿ. ಇದು ಬ್ಯಾರೇದು.”

ಮುಚ್ಚಳ ತೆಗೆದು ಹೋಳಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡಳು.

“ಎಳ್ಳ ಹಾಕಿಲ್ಲ ಈ ಸಲ.”

“ಎಳ್ಳು ತುಟ್ಟಿ ಆಗೇತಂತ್ರಿ,” ಎಂದೆ. ಸಾಲಿಯಲ್ಲಿ ಇಷ್ಟು ವರ್ಷ ಮಕ್ಕಳ ಸುಳ್ಳು ಹಿಡಿದವಳಿಗೆ ಒಂದು ನೆಟ್ಟಗಿನ ಸುಳ್ಳು ಹೇಳಲು ಬರಲಿಲ್ಲ.

ಅಕ್ಕ ನನ್ನ ಮುಖವನ್ನೇ ನೋಡಿದಳು. ನನ್ನ ಕಾಲಿಗೆ ಮೆತ್ತಿದ್ದ ಬಜಾರಿನ ಧೂಳನ್ನೂ ನೋಡಿದಳು. ಆಮೇಲೆ ಮುಚ್ಚಳ ಒತ್ತಿ ಹಾಕಿ, ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಆತು, ಪಾಪ,” ಎಂದಳು. “ಮುಂದಿನ ಸಂತಿಗೆ ನಾವ ಎಳ್ಳುಂಡಿ ಮಾಡಿ ಕೊಡೂಣು.”